ಕುಯ್ಲು ಮುಗಿಸಿ ಕಡಲಿಗೆ ಗಾಳ ಹಾಕಲು ಹೋದರೆ ತಡವಾಗುವುದೇ?

ಪ್ರಶ್ನೆ (ಸಕಲೇಶಪುರ): ಹೇಮಾವತಿ ಹೊಳೆಯಲ್ಲಿ ಗಾಳ ಹಾಕುತ್ತಾ ಬೆಳೆದ ನಾನು ಈ ವರ್ಷ ಶಿರಾಡಿ ಘಾಟಿ ಇಳಿದು ಮಂಗಳೂರಿನ ಕಡಲಿನಲ್ಲಿ ಪ್ರಯತ್ನಿಸಬೇಕೆಂದಿದ್ದೇನೆ. ರೊಬಸ್ಟಾ ಕಾಫಿಯ ಕುಯ್ಲು ಮುಗಿಯುವಷ್ಟರಲ್ಲಿ ಫೆಬ್ರವರಿ ಕಳೆದಿರುತ್ತದೆ. ಮಾರ್ಚ್ ಸೂಕ್ತವೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಹಾಸನ): ಖಂಡಿತ ಸೂಕ್ತ ಸರ್. ಮಳೆಗಾಲದಲ್ಲಿ ನೇತ್ರಾವತಿ ಹೊತ್ತು ತರುವ ಕೆಂಪು ನೀರು ತಿಳಿಯಾಗಿ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಉಪ್ಪಿನಂಶ ಮರಳಿ ಏರಿದ ಮೇಲೆ, ಅಂದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ, ಕಡಲು ಬಹುಮಟ್ಟಿಗೆ ಶಾಂತವಾಗಿರುತ್ತದೆ. ಆದರೆ ಬಿಸಿಲೇರಿದಂತೆ ಮಧ್ಯಾಹ್ನದ ಕಡಲಗಾಳಿ ಬಲಗೊಳ್ಳುವುದರಿಂದ ನಸುಕಿನಲ್ಲೇ ಗಾಳ ಹಾಕಿ.

ಉತ್ತರ (ಚಿಕ್ಕಮಗಳೂರು): ತಿಂಗಳಿಗಿಂತ ತಿಥಿ ಮುಖ್ಯವೆಂದು ನನ್ನ ಅಭಿಪ್ರಾಯ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ಇಳಿತಗಳ ಅಂತರ ಹೆಚ್ಚಿ ಅಳಿವೆಯಲ್ಲಿ ಸೆಳೆತ ಬಲವಾಗುತ್ತದೆ, ಅಷ್ಟಮಿಯ ಸುಮಾರಿಗೆ ಕುಗ್ಗುತ್ತದೆ. ಭರತವು ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುವುದರಿಂದ, ನಿನ್ನೆ ಮೀನು ಕಚ್ಚಿದ ಹೊತ್ತನ್ನೇ ಇಂದು ನಂಬಬೇಡಿ. ಹೊಳೆಯಲ್ಲಿ ಬಂಡೆಯ ಮೇಲೆ ನಿಶ್ಚಿಂತೆಯಿಂದ ನಿಂತ ಅಭ್ಯಾಸವನ್ನು ಮಾತ್ರ ಅಲ್ಲಿಗೆ ಒಯ್ಯಬೇಡಿ. ಅಲೆ ಹೇಳಿ ಬರುವುದಿಲ್ಲ.

ಉತ್ತರ (ಬೇಲೂರು): ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ, ಆ ತಿಂಗಳುಗಳಲ್ಲಿ ದಡದಿಂದಲೂ ದೂರವಿರಿ. ಮರಳಿದೊಡನೆ ರೀಲನ್ನು ಸಿಹಿನೀರಿನಲ್ಲಿ ತೊಳೆಯಿರಿ, ಇಲ್ಲದಿದ್ದರೆ ಉಪ್ಪು ಅದನ್ನು ತಿಂದುಬಿಡುತ್ತದೆ.