ಸಿ ಪ್ರೋಗ್ರಾಮಿನಲ್ಲಿ ಹಾಲಿ ಡೈರೆಕ್ಟರಿಯನ್ನು ಉಳಿಸಿಟ್ಟುಕೊಂಡು ಅಲ್ಲಿಗೇ ಮರಳುವುದು ಹೇಗೆ?

ಪ್ರಶ್ನೆ

ನಮಸ್ಕಾರ. ಲಿನಕ್ಸ್‌ನಲ್ಲಿ ನಡೆಯುವ ನನ್ನದೊಂದು ಸಿ ಪ್ರೋಗ್ರಾಮು, ತನಗೆ ಕೊಟ್ಟ ಡೈರೆಕ್ಟರಿಗಳನ್ನು ಒಂದೊಂದಾಗಿ ಹೊಕ್ಕು, ಅಲ್ಲಿನ ಫೈಲುಗಳನ್ನು ಓದಿ, ಹೊರಟ ಜಾಗಕ್ಕೆ ಮರಳಿ ಫಲಿತಾಂಶವನ್ನು ಬರೆಯುತ್ತದೆ. ಹೊರಡುವ ಮುನ್ನ ‘ಗೆಟ್‌ಸಿಡಬ್ಲ್ಯುಡಿ’ ಫಂಕ್ಷನ್ ಕರೆದು ಹಾಲಿ ಡೈರೆಕ್ಟರಿಯ ಪಾತನ್ನು (ಪೂರ್ಣ ವಿಳಾಸವನ್ನು) 256 ಅಕ್ಷರಗಳ ಅರೆಯಲ್ಲಿ (array) ಇಟ್ಟುಕೊಳ್ಳುತ್ತೇನೆ. ಕೆಲಸ ಮುಗಿದ ಮೇಲೆ ಅದೇ ಪಾತಿಗೆ ‘ಸಿಎಚ್‌ಡಿರ್’ (ಹಾಲಿ ಡೈರೆಕ್ಟರಿಯನ್ನು ಬದಲಿಸುವ ಕರೆ) ಮಾಡುತ್ತೇನೆ. ತಿಂಗಳುಗಟ್ಟಲೆ ಇದು ಸರಿಯಾಗಿಯೇ ನಡೆಯಿತು.

ಮೊನ್ನೆ ಪ್ರೋಗ್ರಾಮು ನಡೆಯುತ್ತಿದ್ದಾಗಲೇ ಬೇರೊಂದು ಸ್ಕ್ರಿಪ್ಟು, ನನ್ನ ಪ್ರೋಗ್ರಾಮು ಹೊರಟಿದ್ದ ‘ವರದಿ’ ಎಂಬ ಡೈರೆಕ್ಟರಿಯ ಹೆಸರನ್ನು ‘ವರದಿ-ಹಳೆಯದು’ ಎಂದು ಬದಲಿಸಿ, ಅದೇ ಜಾಗದಲ್ಲಿ ಖಾಲಿಯಾದ ಹೊಸ ‘ವರದಿ’ಯನ್ನು ಸೃಷ್ಟಿಸಿತು. ನನ್ನ ಪ್ರೋಗ್ರಾಮು ಯಾವ ದೋಷವನ್ನೂ ತೋರಿಸದೆ ಹೊಸದರೊಳಗೆ ಹೋಗಿ ಬರೆಯಿತು. ‘..’ (ಒಂದು ಹಂತ ಮೇಲಿನ ಡೈರೆಕ್ಟರಿ) ಬಳಸಿ ಹಿಂದಿರುಗಲು ಪ್ರಯತ್ನಿಸಿದೆ. ಸಿಂಬಾಲಿಕ್ ಲಿಂಕಿನ (ಬೇರೊಂದು ಡೈರೆಕ್ಟರಿಯತ್ತ ಕೈತೋರಿಸುವ ಹೆಸರಿನ) ಮೂಲಕ ಒಳಹೊಕ್ಕಿದ್ದಾಗ ಅದು ಲಿಂಕು ಇರುವ ಡೈರೆಕ್ಟರಿಗೆ ಬಾರದೆ ಗುರಿಯ ಮೇಲಿನ ಡೈರೆಕ್ಟರಿಗೆ ಹೋಗುತ್ತದೆ. ಹೊರಟ ಜಾಗಕ್ಕೇ ಖಚಿತವಾಗಿ ಮರಳುವ ದಾರಿ ಯಾವುದು?

ಉತ್ತರ 1

ನೀವು ಉಳಿಸಿಟ್ಟುಕೊಂಡದ್ದು ಡೈರೆಕ್ಟರಿಯ ಹೆಸರನ್ನು ಮಾತ್ರ, ಡೈರೆಕ್ಟರಿಯನ್ನಲ್ಲ. ಮರಳುವಾಗ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಆ ಹೆಸರನ್ನು ಮೊದಲಿನಿಂದ ಹುಡುಕುತ್ತದೆ; ಆ ಕ್ಷಣದಲ್ಲಿ ಆ ಹೆಸರಿನಲ್ಲಿ ಏನಿದೆಯೋ ಅಲ್ಲಿಗೆ ಒಯ್ಯುತ್ತದೆ. ಕರ್ನಲ್ ನೀವು ಹೇಳಿದ್ದನ್ನೇ ಮಾಡಿರುವುದರಿಂದ ದೋಷ ಬರುವ ಪ್ರಶ್ನೆಯೇ ಇಲ್ಲ.

ಹೊರಡುವ ಮುನ್ನ ‘.’ ಅನ್ನು, ಅಂದರೆ ಹಾಲಿ ಡೈರೆಕ್ಟರಿಯನ್ನು, ‘ಓಪನ್’ ಕರೆಯಿಂದ ತೆರೆದು, ಸಿಗುವ ಫೈಲ್ ಡಿಸ್ಕ್ರಿಪ್ಟರನ್ನು (ತೆರೆದದ್ದನ್ನು ಗುರುತಿಸುವ ಸಂಖ್ಯೆಯನ್ನು) ಇಟ್ಟುಕೊಳ್ಳಿ. ಮರಳುವಾಗ ಅದನ್ನು ‘ಎಫ್‌ಸಿಎಚ್‌ಡಿರ್’ಗೆ ಕೊಟ್ಟು, ನಂತರ ‘ಕ್ಲೋಸ್’ ಮಾಡಿ. ಡಿಸ್ಕ್ರಿಪ್ಟರು ಡೈರೆಕ್ಟರಿಯನ್ನೇ ಹಿಡಿದಿರುವುದರಿಂದ ನಡುವೆ ಯಾರು ಹೆಸರು ಬದಲಿಸಿದರೂ, ಇಡೀ ಡೈರೆಕ್ಟರಿಯನ್ನು ಬೇರೆಡೆಗೆ ಸರಿಸಿದರೂ ನೀವು ಅದೇ ಡೈರೆಕ್ಟರಿಗೆ ಬರುತ್ತೀರಿ. ತೆರೆಯುವಾಗ ‘ಓ_ಆರ್‌ಡಿಓನ್ಲಿ’ ಜೊತೆಗೆ ‘ಓ_ಡೈರೆಕ್ಟರಿ’ ಮತ್ತು ‘ಓ_ಕ್ಲೋಎಕ್ಸೆಕ್’ ಫ್ಲ್ಯಾಗುಗಳನ್ನು ಸೇರಿಸಿ. ಕೊನೆಯದು ಇಲ್ಲದಿದ್ದರೆ ನೀವು ‘ಎಕ್ಸೆಕ್’ ಮಾಡುವ ಬೇರೆ ಪ್ರೋಗ್ರಾಮಿಗೂ ಆ ಡಿಸ್ಕ್ರಿಪ್ಟರು ದಾಟಿ ಹೋಗುತ್ತದೆ.

ಆ 256ರ ಅರೆಯೂ ಅಪಾಯವೇ. ಪಾತು ಅದಕ್ಕಿಂತ ಉದ್ದವಾದರೆ ‘ಗೆಟ್‌ಸಿಡಬ್ಲ್ಯುಡಿ’ ನಲ್ ಪಾಯಿಂಟರನ್ನು ಹಿಂದಿರುಗಿಸಿ ‘ಈರೇಂಜ್’ ದೋಷವನ್ನು ಇಡುತ್ತದೆ. ಲಿನಕ್ಸ್‌ನ ‘ಪಾತ್_ಮ್ಯಾಕ್ಸ್’ 4096 ಆಗಿದ್ದರೂ ಡೈರೆಕ್ಟರಿಗಳ ಆಳ ಅದನ್ನೂ ಮೀರಬಹುದು. ಡಿಸ್ಕ್ರಿಪ್ಟರಿಗೆ ಉದ್ದದ ಚಿಂತೆಯೇ ಇಲ್ಲ.

ಇನ್ನೊಂದು ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ: ‘ಎಫ್‌ಸಿಎಚ್‌ಡಿರ್’ ಹಿಂದಿರುಗಿಸುವ ಬೆಲೆಯನ್ನು ಪರೀಕ್ಷಿಸಲೇಬೇಕು. ಆ ಡೈರೆಕ್ಟರಿಗೆ ಒಳಹೋಗುವ ಅನುಮತಿ ಇದೆಯೇ ಎಂದು ಕರ್ನಲ್ ಅದನ್ನು ಕರೆದ ಹೊತ್ತಿನಲ್ಲೇ ನೋಡುತ್ತದೆ. ಪ್ರೋಗ್ರಾಮು ರೂಟ್ ಅಧಿಕಾರದಲ್ಲಿ ಹೊರಟು ನಡುವೆ ಸಾಮಾನ್ಯ ಬಳಕೆದಾರನಾಗಿ ಬದಲಾಗಿದ್ದರೆ ಮರಳುವಿಕೆ ವಿಫಲವಾಗಬಹುದು. ಹಾಗಾದಾಗ ಮುಂದುವರಿಯದೆ ಪ್ರೋಗ್ರಾಮನ್ನು ನಿಲ್ಲಿಸಿ. ತಾನು ಎಲ್ಲಿದ್ದೇನೆಂದು ತಿಳಿಯದ ಪ್ರೋಗ್ರಾಮು ಫೈಲುಗಳನ್ನು ಅಳಿಸತೊಡಗಿದರೆ ಆಗುವ ನಷ್ಟಕ್ಕೆ ಮಿತಿಯಿಲ್ಲ.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಒಂದು ಸಂದರ್ಭವನ್ನು ಮಾತ್ರ ಸೇರಿಸಬೇಕು. ಹೊರಟ ಡೈರೆಕ್ಟರಿಯಲ್ಲಿ ನಿಮಗೆ ಒಳಹೋಗುವ ಅನುಮತಿ ಇದ್ದು ಓದುವ ಅನುಮತಿ ಇಲ್ಲದಿದ್ದರೆ, ಅಂದರೆ ‘ಎಕ್ಸ್’ ಇದ್ದು ‘ಆರ್’ ಇಲ್ಲದಿದ್ದರೆ, ‘ಓ_ಆರ್‌ಡಿಓನ್ಲಿ’ಯಿಂದ ಅದನ್ನು ತೆರೆಯಲಾಗದು. ಲಿನಕ್ಸ್‌ನಲ್ಲಿ ‘ಓ_ಪಾತ್’ ಬಳಸಿದರೆ ಓದುವ ಅನುಮತಿ ಬೇಕಿಲ್ಲ, ಮತ್ತು ಕರ್ನಲ್ 3.5ರಿಂದ ಈಚೆಗೆ ಅಂಥ ಡಿಸ್ಕ್ರಿಪ್ಟರನ್ನೂ ‘ಎಫ್‌ಸಿಎಚ್‌ಡಿರ್’ ಒಪ್ಪುತ್ತದೆ. ಬೇರೆ ಯುನಿಕ್ಸ್‌ಗಳಲ್ಲೂ ನಡೆಯಬೇಕಾದ ಪ್ರೋಗ್ರಾಮಾದರೆ, ತೆರೆಯಲಾಗದಿದ್ದಾಗ ಮಾತ್ರ ‘ಗೆಟ್‌ಸಿಡಬ್ಲ್ಯುಡಿ’ಯ ಮೊರೆಹೋಗಬಹುದು.

ಡೈರೆಕ್ಟರಿಯೊಳಗೆ ಡೈರೆಕ್ಟರಿ ಎಂದು ರಿಕರ್ಷನ್‌ನಲ್ಲಿ ಇಳಿಯುವವರು ಪ್ರತಿ ಹಂತದಲ್ಲೂ ಒಂದೊಂದು ಡಿಸ್ಕ್ರಿಪ್ಟರನ್ನು ತೆರೆದಿಟ್ಟರೆ, ಅನೇಕ ವ್ಯವಸ್ಥೆಗಳಲ್ಲಿ 1024ಕ್ಕೆ ನಿಗದಿಯಾಗಿರುವ, ಒಂದು ಪ್ರೋಸೆಸ್ಸು ತೆರೆದಿಡಬಹುದಾದ ಡಿಸ್ಕ್ರಿಪ್ಟರುಗಳ ಮಿತಿಯನ್ನು ಮುಟ್ಟುವುದು ಕಷ್ಟವಲ್ಲ.

ಉತ್ತರ 3

ಮರಳುವುದು ಹೇಗೆ ಎಂದು ಕೇಳಿದ್ದೀರಿ. ನಿಜವಾಗಿ ಹೋಗಲೇಬೇಕೆ ಎಂಬುದನ್ನೂ ಯೋಚಿಸಿ. ಹಾಲಿ ಡೈರೆಕ್ಟರಿಯೆಂಬುದು ಇಡೀ ಪ್ರೋಸೆಸ್ಸಿಗೆ ಒಂದೇ. ಒಂದು ಥ್ರೆಡ್ (ಪ್ರೋಸೆಸ್ಸಿನೊಳಗೆ ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳಲ್ಲೊಂದು) ‘ಸಿಎಚ್‌ಡಿರ್’ ಮಾಡಿದರೆ ಉಳಿದ ಥ್ರೆಡ್‌ಗಳ ಕಾಲಕೆಳಗಿನ ನೆಲವೂ ಸರಿಯುತ್ತದೆ, ಆಗ ಎಷ್ಟು ಎಚ್ಚರದಿಂದ ಉಳಿಸಿ ಮರಳಿದರೂ ಪ್ರಯೋಜನವಿಲ್ಲ.

ಪಾಸಿಕ್ಸ್ 2008ರಿಂದ ಪ್ರಮಾಣಿತವಾಗಿರುವ ‘ಓಪನ್‌ಅಟ್’ ಮೊದಲ ಆರ್ಗ್ಯುಮೆಂಟಾಗಿ ಡೈರೆಕ್ಟರಿಯ ಡಿಸ್ಕ್ರಿಪ್ಟರನ್ನು ತೆಗೆದುಕೊಂಡು, ಫೈಲಿನ ಹೆಸರನ್ನು ಅಲ್ಲಿಂದಲೇ ಹುಡುಕುತ್ತದೆ. ‘ಎಫ್‌ಸ್ಟ್ಯಾಟ್‌ಅಟ್’, ‘ಅನ್‌ಲಿಂಕ್‌ಅಟ್’ ಕೂಡ ಹಾಗೆಯೇ. ಹೊರಟ ಡೈರೆಕ್ಟರಿಯ ಡಿಸ್ಕ್ರಿಪ್ಟರನ್ನು ಒಮ್ಮೆ ತೆರೆದಿಟ್ಟು, ಫಲಿತಾಂಶದ ಫೈಲನ್ನು ಅದರ ಮೂಲಕವೇ ತೆರೆದರೆ ನೀವು ಇದ್ದ ಜಾಗದಿಂದ ಅಲುಗಾಡಬೇಕಾಗಿಲ್ಲ. ಫೈಲುಗಳ ಪಟ್ಟಿಗೆ ‘ಎಫ್‌ಡಿಓಪನ್‌ಡಿರ್’ ಇದೆ. ಆದರೆ ಅದಕ್ಕೆ ಕೊಟ್ಟ ಡಿಸ್ಕ್ರಿಪ್ಟರು ಅದರದ್ದೇ ಆಗುತ್ತದೆ, ‘ಕ್ಲೋಸ್‌ಡಿರ್’ ಮಾಡಿದೊಡನೆ ಮುಚ್ಚಿಹೋಗುತ್ತದೆ. ನಿಮಗೂ ಬೇಕೆಂದಿದ್ದರೆ ಮೊದಲೇ ‘ಡಪ್’ ಮಾಡಿ ಅದರ ಪ್ರತಿಯೊಂದನ್ನು ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಫಲಿತಾಂಶವನ್ನು ‘ಓಪನ್‌ಅಟ್’ಗೆ ಬದಲಿಸಿ, ನಡುವೆ 30 ಸೆಕೆಂಡು ‘ಸ್ಲೀಪ್’ ಇಟ್ಟು, ಆ ಹೊತ್ತಿನಲ್ಲಿ ‘ವರದಿ’ಯ ಹೆಸರನ್ನು ಕೈಯಾರೆ ಬದಲಿಸಿ ನೋಡಿದೆ, ಫೈಲು ‘ವರದಿ-ಹಳೆಯದು’ ಒಳಗೇ ಸೇರಿತು. ಒಂದು ತೊಡಕು ಉಳಿದಿದೆ: ನಾನು ಬಳಸುವ ಒಂದು ಲೈಬ್ರರಿ ತನ್ನ ಸೆಟ್ಟಿಂಗ್ಸ್ ಫೈಲನ್ನು ಹಾಲಿ ಡೈರೆಕ್ಟರಿಯಲ್ಲೇ ಹುಡುಕುತ್ತದೆ, ಅದಕ್ಕೆ ಡಿಸ್ಕ್ರಿಪ್ಟರು ಕೊಡಲು ಬರುವುದಿಲ್ಲ.

ಉತ್ತರ 3 ಬರೆದವರು

ಆ ಒಂದು ಕೆಲಸಕ್ಕೆ ‘ಫೋರ್ಕ್’ ಮಾಡಿ (ಪ್ರೋಸೆಸ್ಸಿನ ಪ್ರತಿಯೊಂದನ್ನು ಹುಟ್ಟಿಸಿ), ಆ ಚೈಲ್ಡ್ ಪ್ರೋಸೆಸ್ಸಿನಲ್ಲಿ ‘ಸಿಎಚ್‌ಡಿರ್’ ಮಾಡಿ ಲೈಬ್ರರಿಯನ್ನು ಕರೆಯಿರಿ. ಫಲಿತಾಂಶವನ್ನು ಪೈಪಿನ ಮೂಲಕ ತರಿಸಿಕೊಳ್ಳಿ. ಚೈಲ್ಡ್ ಎಲ್ಲಿಗೆ ಹೋದರೂ ಪೇರೆಂಟ್ ಪ್ರೋಸೆಸ್ಸಿನ ಡೈರೆಕ್ಟರಿ ಬದಲಾಗುವುದಿಲ್ಲ. ಪ್ರೋಗ್ರಾಮಿನಲ್ಲಿ ಬೇರೆ ಥ್ರೆಡ್‌ಗಳಿದ್ದರೆ, ಅವು ಆರಂಭವಾಗುವ ಮುನ್ನವೇ ‘ಫೋರ್ಕ್’ ಮಾಡಿ.