ಆಗುಂಬೆ ಘಾಟಿಗೆ ನಾಲ್ಕು ಸಿಲಿಂಡರ್‌ನ ಬ್ರೆಝಾ ಸಾಕಾಗುತ್ತದೆಯೇ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಸಮೀಪದವರು. ತಂದೆಯವರ ಚಿಕಿತ್ಸೆಗಾಗಿ ಆಗಾಗ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ, ಅದೇ ದಿನ ಹಿಂದಿರುಗಬೇಕಾಗುತ್ತದೆ. ಹಳೆಯ ಹ್ಯಾಚ್‌ಬ್ಯಾಕ್ ಕಾರನ್ನು ಕೊಟ್ಟು ಮಾರುತಿ ಬ್ರೆಝಾ 1.5 ಪೆಟ್ರೋಲ್ ತೆಗೆದುಕೊಳ್ಳುವ ಆಲೋಚನೆಯಿದೆ. ಆದರೆ ಅದರ ಎಂಜಿನ್ನಿಗೆ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ) ಇಲ್ಲ, ಐದು ಜನ ಕುಳಿತರೆ ಹೇರ್‌ಪಿನ್ ತಿರುವುಗಳಲ್ಲಿ ಉಸಿರು ಕಟ್ಟುತ್ತದೆ ಎಂದು ಕೆಲವರು ಹೆದರಿಸುತ್ತಿದ್ದಾರೆ. ಮೂರು ಸಿಲಿಂಡರ್‌ನ ಟರ್ಬೊ ಕಾರುಗಳೇ ಘಾಟಿಗೆ ಮೇಲೆಂಬುದು ಅವರ ವಾದ. ತಂದೆ ತಾಯಿ ಇಬ್ಬರಿಗೂ ವಯಸ್ಸಾಗಿರುವುದರಿಂದ ವೇಗಕ್ಕಿಂತ ಕುಲುಕಾಟವಿಲ್ಲದ ಪ್ರಯಾಣ ನನಗೆ ಮುಖ್ಯ. ಮ್ಯಾನುಯಲ್ ಒಳ್ಳೆಯದೋ ಆಟೊಮ್ಯಾಟಿಕ್ ಒಳ್ಳೆಯದೋ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಘಟ್ಟದ ದಾರಿ:
ನಿಮ್ಮ ಅಗತ್ಯಕ್ಕೆ ಈ ಎಂಜಿನ್ ಧಾರಾಳವಾಗಿ ಸಾಕು. ಆದರೆ ಅದು ತನ್ನ ಶಕ್ತಿಯನ್ನು ಎಲ್ಲಿ ಇಟ್ಟುಕೊಂಡಿದೆ ಎಂಬುದನ್ನು ತಿಳಿದು ಓಡಿಸಬೇಕು. 1462 ಸಿಸಿಯ ಈ ಎಂಜಿನ್ ಸುಮಾರು 137 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ) ಕೊಡುವುದು 4400 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 4400 ಸುತ್ತು ತಿರುಗುವಾಗ. ಮೂರು ಸಿಲಿಂಡರ್‌ನ ಟಾಟಾ ನೆಕ್ಸಾನ್ ಟರ್ಬೊ ಪೆಟ್ರೋಲ್ 170 ನ್ಯೂಟನ್ ಮೀಟರ್ ಅನ್ನು ಬಹಳ ಕೆಳಗಿನ ಆರ್‌ಪಿಎಂನಲ್ಲೇ ಕೊಡುತ್ತದೆ. ಹೀಗಾಗಿ ಎರಡನ್ನೂ ಒಂದೇ ರೀತಿ, ಮೇಲಿನ ಗೇರ್‌ನಲ್ಲಿಟ್ಟು ಎಳೆಯಲು ನೋಡಿದವರಿಗೆ ಬ್ರೆಝಾ ಸೋತಂತೆ ಕಾಣುವುದು ಸಹಜ.

ಆಗುಂಬೆಯ 14 ತಿರುವುಗಳಲ್ಲಿ ಬಸ್ಸೊಂದರ ಹಿಂದೆ ಸಿಕ್ಕಿಕೊಂಡು ವೇಗ ಗಂಟೆಗೆ 20 ಕಿಲೋಮೀಟರ್‌ಗಿಂತ ಕೆಳಗಿಳಿದಾಗ, ಮ್ಯಾನುಯಲ್ ಕಾರಿನ ಎರಡನೇ ಗೇರ್‌ನಲ್ಲಿ ಎಂಜಿನ್ 1500 ಆರ್‌ಪಿಎಂಗಿಂತಲೂ ಕೆಳಕ್ಕೆ ಕುಸಿಯುತ್ತದೆ. ಆಗ ಆಕ್ಸಿಲರೇಟರ್ ಎಷ್ಟು ತುಳಿದರೂ ಎಂಜಿನ್ ಗುಡುಗುವುದೇ ಹೊರತು ಕಾರು ಮುಂದೆ ನುಗ್ಗುವುದಿಲ್ಲ. ತಿರುವಿಗೆ ಮೊದಲೇ ಒಂದನೇ ಗೇರ್‌ಗೆ ಇಳಿಸಿ, ತಿರುವು ದಾಟಿ ನೇರವಾದ ಮೇಲೆ ಎರಡಕ್ಕೆ ಹಾಕಿ, 3000ದಿಂದ 4500 ಆರ್‌ಪಿಎಂ ನಡುವೆ ಇಟ್ಟುಕೊಂಡರೆ ಐದು ಜನರಿದ್ದರೂ ನಿರಾಯಾಸವಾಗಿ ಏರುತ್ತದೆ. ಸದ್ದು ಹೆಚ್ಚಾಗುತ್ತದೆ ನಿಜ, ಆದರೆ ಅದರಿಂದ ಎಂಜಿನ್ನಿಗೆ ಏನೂ ಆಗುವುದಿಲ್ಲ. ಕಡಿಮೆ ಆರ್‌ಪಿಎಂನಲ್ಲಿ ತಿಣುಕಿಸುವುದೇ ಅದಕ್ಕೆ ಹಿಂಸೆ.

ಕುಲುಕಾಟದ ಬಗ್ಗೆ ಹೇಳುವುದಾದರೆ, ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ತಿರುಗುವ ದಂಡ) ಪ್ರತಿ 180 ಡಿಗ್ರಿ ತಿರುಗಿದಾಗ ಒಂದು ಸಿಲಿಂಡರ್ ಉರಿಯುತ್ತದೆ, ಮೂರು ಸಿಲಿಂಡರ್‌ನದರಲ್ಲಿ 240 ಡಿಗ್ರಿಗೊಮ್ಮೆ. ಒಂದನೇ ಗೇರ್‌ನಲ್ಲಿ ತೆವಳುವಾಗ ಈ ವ್ಯತ್ಯಾಸ ಹಿಂದಿನ ಸೀಟಿನಲ್ಲಿ ಕುಳಿತವರ ಅನುಭವಕ್ಕೂ ಬರುತ್ತದೆ. ಇನ್ನು, ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಮೀಟರ್‌ಗೆ ಹೆಚ್ಚುಕಡಿಮೆ ಶೇಕಡಾ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಹತ್ತಿರ ಇದು ಗೊತ್ತಾಗುತ್ತದೆ, ಆಗುಂಬೆಯಲ್ಲಿ ಅಷ್ಟಾಗಿ ಗೊತ್ತಾಗದು.

ಬ್ರೇಕ್ ಮೊದಲು:
ಮೇಲಿನವರು ಹೇಳಿದ್ದೆಲ್ಲ ಸರಿಯೇ. ಆದರೂ ಇಂತಹ ಚರ್ಚೆಗಳಲ್ಲಿ ಎಲ್ಲರೂ ಏರುವುದರ ಬಗ್ಗೆಯೇ ಮಾತನಾಡುತ್ತಾರೆಂಬುದು ನನ್ನ ಕಳವಳ. ಏರಲಾಗದ ಕಾರು ಬರೀ ನಿಲ್ಲುತ್ತದೆ, ಇಳಿಯಲು ಬಾರದಂತೆ ಓಡಿಸಿದ ಕಾರು ನಿಲ್ಲುವುದೇ ಇಲ್ಲ.

ಜನರನ್ನೂ ಸಾಮಾನನ್ನೂ ಸೇರಿಸಿ 1500 ಕಿಲೋಗ್ರಾಂ ತೂಗುವ ಕಾರು 500 ಮೀಟರ್ ಕೆಳಗಿಳಿಯಿತೆಂದು ಲೆಕ್ಕ ಹಾಕಿ. ಬಿಡುಗಡೆಯಾಗುವ ಶಕ್ತಿ ಸುಮಾರು 73 ಲಕ್ಷ ಜೂಲ್, ಅಂದರೆ 20 ಲೀಟರ್ ತಣ್ಣೀರನ್ನು ಹಂಡೆಯಲ್ಲಿ ಕುದಿಸಲು ಬೇಕಾಗುವಷ್ಟು ಶಾಖ. ಅದೆಲ್ಲವನ್ನೂ ಬ್ರೇಕಿನ ಮೇಲೆಯೇ ಹೇರಿದರೆ ಮುಂದಿನ ಡಿಸ್ಕ್‌ಗಳೂ ಹಿಂದಿನ ಡ್ರಮ್‌ಗಳೂ ಕಾದು ಹಿಡಿತ ಕಡಿಮೆಯಾಗುತ್ತದೆ, ಸುಟ್ಟ ವಾಸನೆ ಬರತೊಡಗುತ್ತದೆ. ಯಾವ ಗೇರ್‌ನಲ್ಲಿ ಏರಿದಿರೋ ಅದೇ ಗೇರ್‌ನಲ್ಲಿ ಇಳಿಯಿರಿ ಎಂದು ಹಳೆಯ ಚಾಲಕರು ಹೇಳುತ್ತಿದ್ದುದು ಇದಕ್ಕಾಗಿಯೇ. ಟರ್ಬೊ ಇರಲಿ ಬಿಡಲಿ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್ ಎರಡನೇ ಗೇರ್‌ನಲ್ಲಿ ಕಾರನ್ನು ಚೆನ್ನಾಗಿ ತಡೆಹಿಡಿಯುತ್ತದೆ. ಬ್ರೇಕನ್ನು ಸದಾ ಒತ್ತಿಹಿಡಿಯದೆ, ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ ಬಿಟ್ಟುಬಿಡಬೇಕು.

ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಇಳಿಸುವವರನ್ನು ಕಂಡರೆ ನನಗೆ ನಿಜವಾಗಿಯೂ ಭಯವಾಗುತ್ತದೆ. ಗೇರ್‌ನಲ್ಲಿ ಕಾಲು ತೆಗೆದು ಇಳಿಯುವಾಗ ಇಂಜೆಕ್ಟರ್‌ಗಳು ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳಲು ಪೆಟ್ರೋಲ್ ಸುಡುತ್ತಲೇ ಇರುತ್ತದೆ. ಹೀಗೆ ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ.

ತುಂಗಾತೀರ:
ಇಬ್ಬರಿಗೂ ಧನ್ಯವಾದಗಳು. ಇಳಿಯುವುದರ ಬಗ್ಗೆ ನಾನು ಇಷ್ಟು ಯೋಚಿಸಿರಲಿಲ್ಲ. ಹಾಗಾದರೆ ಆಟೊಮ್ಯಾಟಿಕ್ ಕಾರಿನಲ್ಲಿ ಎರಡನೇ ಗೇರನ್ನು ಹಿಡಿದಿಡುವುದು ಹೇಗೆ? ನಮ್ಮ ಮನೆಯವರೂ ಓಡಿಸುವುದರಿಂದ ಅದೇ ಅನುಕೂಲವೆನಿಸುತ್ತಿದೆ.

ಕೊಟ್ಟಿಗೆಹಾರ:
ಚಾರ್ಮಾಡಿ ಘಾಟಿಯಲ್ಲಿ ಓಡಾಡುವವನಾಗಿ ಹೇಳುತ್ತೇನೆ. ಬ್ರೆಝಾದ ಆಟೊಮ್ಯಾಟಿಕ್ ಆರು ಗೇರ್‌ಗಳ ಟಾರ್ಕ್ ಕನ್ವರ್ಟರ್, ಅಂದರೆ ಎಣ್ಣೆಯ ಮೂಲಕ ಎಂಜಿನ್ನಿನ ಬಲವನ್ನು ಗೇರ್‌ಗೆ ದಾಟಿಸುವಂಥದ್ದು. ಎಎಂಟಿಯಂತೆ (ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ಬದಲಿಸುವ ಮ್ಯಾನುಯಲ್ ಗೇರ್‌ಬಾಕ್ಸ್) ಗೇರ್ ಬದಲಾಗುವಾಗ ತಲೆದೂಗಿಸುವುದಿಲ್ಲ, ಹಿರಿಯರಿಗೆ ಇದೊಂದು ದೊಡ್ಡ ಅನುಕೂಲ. ಆದರೆ ಡಿ (ಡ್ರೈವ್) ಸ್ಥಾನದಲ್ಲೇ ಬಿಟ್ಟು ಇಳಿದರೆ ಅದು ಮೇಲಿನ ಗೇರ್‌ಗೆ ಹೋಗಿಬಿಡುತ್ತದೆ. ಇಳಿಜಾರು ಆರಂಭವಾಗುವ ಮೊದಲೇ ಸ್ಟೀರಿಂಗ್ ಹಿಂದಿರುವ, ಗೇರ್ ಬದಲಿಸುವ ಪ್ಯಾಡಲ್‌ನಿಂದ ಮೂರಕ್ಕೋ ಎರಡಕ್ಕೋ ಇಳಿಸಿಕೊಳ್ಳಬೇಕು. ಆದ್ದರಿಂದ ನೀವು ಆರಿಸುವ ಮಾದರಿಯಲ್ಲಿ ಪ್ಯಾಡಲ್ ಇದೆಯೇ ಎಂಬುದನ್ನು ಷೋರೂಮಿನಲ್ಲಿ ಮೊದಲು ಕೇಳಿ, ಸನ್‌ರೂಫ್ ವಿಚಾರ ಆಮೇಲೆ ನೋಡಿದರಾಯಿತು. ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಹಿಲ್ ಹೋಲ್ಡ್ ಕೆಲವು ಕ್ಷಣ ಬ್ರೇಕನ್ನು ಹಿಡಿದಿಡುವುದರಿಂದ ಕಾರು ಹಿಂದಕ್ಕೆ ಜಾರುವ ಆತಂಕವಿಲ್ಲ.

ಒಂದು ಮಿತಿಯನ್ನೂ ಹೇಳಬೇಕು. ನೋಡಲು ಎಸ್‌ಯುವಿಯಾದರೂ ಇದು ಮುಂದಿನ ಚಕ್ರಗಳಿಂದ ಎಳೆಯುವ ಕಾರು. ಕಡಿದಾದ ಏರಿನಲ್ಲಿ ಭಾರ ಹಿಂದಕ್ಕೆ ವಾಲಿ ಮುಂದಿನ ಚಕ್ರಗಳ ಹಿಡಿತ ತಗ್ಗುತ್ತದೆ. ವರ್ಷಕ್ಕೆ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ, ಪಾಚಿ ಕಟ್ಟಿದ ಅಥವಾ ಮಣ್ಣು ಹರಿದುಬಂದ ತಿರುವಿನಲ್ಲಿ ಜೋರಾಗಿ ಆಕ್ಸಿಲರೇಟರ್ ತುಳಿದರೆ ಚಕ್ರಗಳು ನಿಂತಲ್ಲೇ ತಿರುಗುತ್ತವೆ. 198 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ಗುಂಡಿಗಳನ್ನು ದಾಟಿಸುತ್ತದೆ, ಜಾರುವುದನ್ನು ತಡೆಯುವುದಿಲ್ಲ. ಟೈರಿನ ತೋಡು ಪೂರ್ತಿ ಸವೆಯುವವರೆಗೆ ಕಾಯದೆ, ಮಳೆಗಾಲಕ್ಕೆ ಮೊದಲೇ ಟೈರ್ ಬದಲಾಯಿಸಿಬಿಡಿ. ಇಕ್ಕಟ್ಟಾದ ಜಾಗದಲ್ಲಿ ಏರಿ ಬರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ಕಾನೂನೇ ಆಗಿದೆ ಎಂಬುದನ್ನು ನಿಮ್ಮ ಮನೆಯವರಿಗೂ ತಿಳಿಸಿ.

ಟೆಸ್ಟ್ ಡ್ರೈವ್ ಕೇಳುವಾಗ ಪೇಟೆಯ ರಸ್ತೆ ಬೇಡವೆನ್ನಿ. ಮನೆಯವರೆಲ್ಲರನ್ನೂ ಕೂರಿಸಿಕೊಂಡು, ಏಸಿ ಹಾಕಿಕೊಂಡು ಒಂದು ಏರನ್ನು ಹತ್ತಿಸಿ, ಅದನ್ನೇ ಎರಡನೇ ಗೇರ್‌ನಲ್ಲಿ ಇಳಿಸಿ ನೋಡಿ. ತಂದೆ ತಾಯಿಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಅವರಿಗೆ ಹೇಗೆನಿಸಿತೆಂದು ಕೇಳಿದ ಮೇಲೆಯೇ ಮುಂಗಡ ಕೊಡಿ.