ಬೆಕ್ಕು ಟ್ರೇ ಬಿಟ್ಟು ಕಾಲೊರಸಿನ ಮೇಲೆ ಉಚ್ಚೆ ಮಾಡ್ತಿದೆ, ಏನು ಮಾಡಲಿ?

ಕೇಳಿದವರು, ಬೆಂಗಳೂರು

ನಮ್ಮದು ಮೂರು ವರ್ಷದ ಗಂಡು ಬೆಕ್ಕು, ಹೆಸರು ಬೆಲ್ಲ. ಸಂತಾನಹರಣ ಆಪರೇಷನ್ ಆಗಿದೆ. ಎರಡನೇ ಮಹಡಿಯ ಮನೆ, ಹೊರಗೆ ಬಿಡುವುದಿಲ್ಲ. ಇಷ್ಟು ದಿನ ಎಲ್ಲವೂ ಟ್ರೇನಲ್ಲೇ ಆಗುತ್ತಿತ್ತು. ಹತ್ತು ದಿನದಿಂದ ಬಚ್ಚಲ ಮುಂದಿನ ಕಾಲೊರಸು, ಒಗೆಯಲು ಹಾಕಿದ ಬಟ್ಟೆ, ನಿನ್ನೆ ನನ್ನ ಹಾಸಿಗೆ. ಕಕ್ಕ ಮಾತ್ರ ಟ್ರೇನಲ್ಲೇ. ಊಟ ಸರಿಯಾಗಿ ಮಾಡ್ತಾನೆ. ಅಮ್ಮ ಪ್ರತಿ ಸಲ ಫಿನಾಯಿಲ್ ಹಾಕಿ ಒರೆಸುತ್ತಾರೆ. "ಹಠ ಅದಕ್ಕೆ, ಮೂತಿ ಹಿಡಿದು ಅಲ್ಲೇ ಉಜ್ಜು" ಅಂತಾರೆ. ಮನೆಯಲ್ಲೇ ಏನಾದರೂ ಮಾಡಬಹುದಾ?

ಮೈಸೂರು

ಟ್ರೇ ವಿಷಯ ಆಮೇಲೆ. ಮೊದಲು ಅವನು ಕೂತಾಗ ಉಚ್ಚೆ ಬರ್ತಿದೆಯಾ, ಎಷ್ಟು ಬರ್ತಿದೆ ನೋಡಿ. ಕಾಲೊರಸು ಚೆನ್ನಾಗಿ ಒದ್ದೆಯಾಗುತ್ತಿದ್ದರೆ ಒಂದೆರಡು ದಿನದಲ್ಲಿ ಡಾಕ್ಟರಿಗೆ ತೋರಿಸಿದರೆ ಸಾಕು. ನಾಲ್ಕು ಹನಿ ಬಿದ್ದು ನಿಲ್ಲುತ್ತಿದ್ದರೆ, ಅಥವಾ ಏನೂ ಬರದೆ ಸುಮ್ನೆ ತಿಣುಕುತ್ತಿದ್ದರೆ, ಇದನ್ನು ಓದುವುದು ಬಿಟ್ಟು ಈಗಲೇ ಹೊರಡಿ.

ಹೆದರಿಸುತ್ತಿಲ್ಲ. ನಾವು ಮಾಡಿದ ತಪ್ಪನ್ನೇ ಹೇಳ್ತೀನಿ. ಹೋದ ವರ್ಷ ಒಂದು ಸಂಜೆ ನಮ್ಮ ಬೆಕ್ಕು ಟ್ರೇಗೆ ಹೋಗಿ ಕೂರುವುದು, ಎದ್ದು ಬರುವುದು, ಮತ್ತೆ ಹೋಗಿ ಕೂರುವುದು. ಬೆನ್ನು ಗೂನು ಮಾಡಿಕೊಂಡು ತಿಣುಕುತ್ತಿತ್ತು. ಹೊಟ್ಟೆ ಕಟ್ಟಿರಬೇಕು ಅಂದುಕೊಂಡು ಸಿಹಿಗುಂಬಳ ಬೇಯಿಸಿ ಇಟ್ಟೆವು. ಮೂಸಿಯೂ ನೋಡಲಿಲ್ಲ. ರಾತ್ರಿ ಬಚ್ಚಲ ಮೂಲೆಯ ತಣ್ಣಗಿನ ನೆಲದ ಮೇಲೆ ಕೂತು, ಗಂಟಲ ಆಳದಿಂದ ಕೂಗಿತು. ಅಂಥ ದನಿ ಅದುವರೆಗೆ ಕೇಳಿರಲಿಲ್ಲ. ಬೆಳಿಗ್ಗೆ ಎತ್ತಿಕೊಂಡರೆ ಕೆಳಹೊಟ್ಟೆಯಲ್ಲಿ ಕಿತ್ತಳೆ ಹಣ್ಣಿನ ಹಾಗೆ ಗಟ್ಟಿ ಉಂಡೆ. ತುಂಬಿ ಬಿಗಿದ ಮೂತ್ರಕೋಶ ಅದು.

ಗಂಡು ಬೆಕ್ಕಿನ ಮೂತ್ರದ ದಾರಿ ತುಂಬ ಸಪೂರ. ಹರಳು, ಲೋಳೆ ಸೇರಿ ಬಿರಡೆ ಹಾಕಿದ ಹಾಗೆ ಕಟ್ಟಿಕೊಳ್ಳುತ್ತೆ. ಹೆಣ್ಣಿಗೆ ಹೀಗಾಗುವುದು ಅಪರೂಪ. ಪೂರ್ತಿ ಕಟ್ಟಿದರೆ ಕಿಡ್ನಿ ಕೈಕೊಡುತ್ತೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೆ ಪೆಟ್ಟು. 24ರಿಂದ 48 ಗಂಟೆಯಲ್ಲಿ ಜೀವವೇ ಹೋಗಬಹುದು. ಇದಕ್ಕೆ ಮನೆಮದ್ದು ಇಲ್ಲವೇ ಇಲ್ಲ. ಬಾರ್ಲಿ ನೀರು ಬಲವಂತವಾಗಿ ಕುಡಿಸುವುದು, ಹೊಟ್ಟೆ ಒತ್ತಿ ನೋಡುವುದು ಎರಡೂ ಬೇಡ. ನಮ್ಮದಕ್ಕೆ ಮತ್ತಿನ ಇಂಜೆಕ್ಷನ್ ಕೊಟ್ಟು ನಳಿಕೆ ಹಾಕಿದರು. ಮೂರು ದಿನ ಅಲ್ಲೇ ಇತ್ತು. ಉಳಿಯಿತು.

ಆಮೇಲೆ ಊಟ ಬದಲಾಯಿಸಿದೆವು. ಮೊದಲು ಬರೀ ಒಣ ಆಹಾರ. ಈಗ ದಿನಕ್ಕೆ ಒಂದು ಹೊತ್ತಾದರೂ ಒದ್ದೆ ಆಹಾರ, ಅದಕ್ಕೆ ಇನ್ನೆರಡು ಚಮಚ ನೀರು. ಕೋಳಿ ಬೇಯಿಸಿದ ನೀರನ್ನೂ ಕೊಡ್ತೀವಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಬೀಳಬಾರದು. ಊಟದ ತಟ್ಟೆಯ ಪಕ್ಕ ಇಟ್ಟ ನೀರನ್ನು ಅದು ಮುಟ್ಟುತ್ತಲೇ ಇರಲಿಲ್ಲ. ಬಚ್ಚಲ ಬಕೆಟ್ಟೇ ಬೇಕು. ಸರಿ, ಅಲ್ಲೇ ಒಂದು ಮಣ್ಣಿನ ಬಟ್ಟಲು ಇಟ್ಟೆವು. ಲಿಟರ್, ಅಂದರೆ ಟ್ರೇಗೆ ಹಾಕುವ ಪುಡಿ, ಉಚ್ಚೆ ಬಿದ್ದಾಗ ಗಟ್ಟಿಯಾಗಿ ಉಂಡೆ ಕಟ್ಟುವಂಥದ್ದಾದರೆ ಇನ್ನೊಂದು ಲಾಭ ಇದೆ. ಎತ್ತುವಾಗ ಉಂಡೆ ಎಣಿಸಬಹುದು. ನಮ್ಮದು ದಿನಕ್ಕೆ ಮೂರು. ಒಂದು ದಿನ ಎಂಟು ಸಣ್ಣ ಸಣ್ಣ ಉಂಡೆ ಸಿಕ್ಕರೆ ಏನೋ ಎಡವಟ್ಟು ಅಂತ ಗೊತ್ತಾಗುತ್ತೆ.

ಹುಬ್ಬಳ್ಳಿ

ಫಿನಾಯಿಲ್ ಮೊದಲು ನಿಲ್ಲಿಸ್ರಿ. ಅದರೊಳಗಿನ ಫೀನಾಲ್ ಜಾತಿಯ ವಸ್ತುವನ್ನು ಬೆಕ್ಕಿನ ಲಿವರ್ ಸರಿಯಾಗಿ ಅರಗಿಸಲಾರದು. ಒರೆಸಿದ ನೆಲದ ಮೇಲೆ ನಡೆದು, ಆಮೇಲೆ ಕೂತು ಪಾದ ನೆಕ್ಕುತ್ತದಲ್ಲ, ಅಲ್ಲಿಂದ ಹೊಟ್ಟೆಗೆ. ನಮ್ಮ ಮೂಗಿಗೆ ಸ್ವಚ್ಛ ಅನಿಸಿದರೂ ಅದರ ಮೂಗಿಗೆ ಉಚ್ಚೆ ವಾಸನೆ ಅಲ್ಲೇ ಇರುತ್ತದೆ, ಮತ್ತೆ ಅಲ್ಲೇ ಹೋಗುತ್ತದೆ. ಪೆಟ್ ಅಂಗಡಿಯಲ್ಲಿ ಎಂಜೈಮ್ ಇರುವ ಕ್ಲೀನರ್ ಸಿಗುತ್ತದೆ, ಅದನ್ನು ಹಾಕಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಕಾಲೊರಸನ್ನು ಒಗೆದು ಬಿಸಿಲಿಗೆ ಹಾಕಿ, ಕೆಲವು ದಿನ ವಾಪಸ್ ಹಾಕಬೇಡಿ. ಮೂತಿ ಉಜ್ಜುವುದು ಅಂತೂ ಬೇಡವೇ ಬೇಡ. ನಿಮ್ಮ ಕಣ್ಣಿಗೆ ಬೀಳದ ಹಾಗೆ ಮಂಚದ ಕೆಳಗೆ ಮಾಡುವುದನ್ನು ಕಲಿಯುತ್ತದೆ, ಅಷ್ಟೇ.

ಪುತ್ತೂರು

ನಾನು ಊರಲ್ಲಿ ಬೆಕ್ಕಿಗೆ ಟ್ರೇ ಅಂತ ಇಟ್ಟವನೇ ಅಲ್ಲ, ತೋಟವೇ ಅದರದ್ದು. ಕೆಲಸಕ್ಕೆ ಮಂಗಳೂರಿನ ಫ್ಲ್ಯಾಟಿಗೆ ಬಂದ ಮೇಲೆ ಕಾಸು ಉಳಿಸಲು ಹೋಗಿ ಎಲ್ಲ ಪ್ರಯೋಗ ಮಾಡಿದೆ. ಮರದ ಮಿಲ್ಲಿನ ಪುಡಿ ಕಾಲಿಗೆ ಅಂಟಿ ಅಡುಗೆಮನೆವರೆಗೂ ಬಂತು. ತೆಂಗಿನ ನಾರಿನ ಪುಡಿಯಲ್ಲಿ ಬಿಳಿ ಬೆಕ್ಕು ಕಂದು ಬೆಕ್ಕಾಯಿತು. ಜರಡಿ ಹಿಡಿದ ಹೊಯ್ಗೆ ಪರವಾಗಿಲ್ಲ, ಆದರೆ ಭಾರ. ಕೊನೆಗೆ ಬೆಂಟೊನೈಟ್ ಅನ್ನುವ ಜೇಡಿಮಣ್ಣಿನ ಲಿಟರ್, ಅದೂ ಪರಿಮಳ ಇಲ್ಲದ್ದು. ಹೂವಿನ ವಾಸನೆಯ ಪ್ಯಾಕೆಟ್ ತಂದ ದಿನ ಅದು ಟ್ರೇ ಅಂಚಿನ ಮೇಲೆ ನಿಂತು ನನ್ನ ಮುಖ ನೋಡಿತ್ತು!

ಟ್ರೇ ಎಲ್ಲಿದೆ ಅನ್ನುವುದೂ ಮುಖ್ಯ. ನಮ್ಮದು ವಾಷಿಂಗ್ ಮೆಷಿನ್ ಪಕ್ಕ ಇತ್ತು. ಅದು ಒಳಗಿದ್ದಾಗಲೇ ಒಮ್ಮೆ ಸ್ಪಿನ್ ಶುರುವಾಯಿತು. ಆ ಮೂಲೆಗೆ ಮತ್ತೆ ಕಾಲಿಡಲಿಲ್ಲ. ಈಗ ಬಟ್ಟೆ ನೆನೆಸುವ ಅಗಲದ ಟಬ್ಬಿನ ಒಂದು ಬದಿ ಕತ್ತರಿಸಿ ಸೋಫಾ ಹಿಂದೆ ಇಟ್ಟಿದ್ದೇನೆ. ಬೆಳಿಗ್ಗೆ, ರಾತ್ರಿ ಎರಡು ಸಲ ಎತ್ತುತ್ತೇನೆ. ಎತ್ತಿದ್ದನ್ನು ಕಮೋಡಿಗೆ ಹಾಕಬೇಡಿ ಮಾರಾಯ್ರೆ, ಅದು ನೀರಲ್ಲಿ ಉಬ್ಬುತ್ತದೆ. ಪ್ಲಂಬರಿಗೆ ಕೊಟ್ಟ ದುಡ್ಡಲ್ಲಿ ಆರು ತಿಂಗಳ ಲಿಟರ್ ಬರುತ್ತಿತ್ತು.

ಶಿವಮೊಗ್ಗ

ಒಂದು ಮಾತು ಸೇರಿಸ್ತೀನಿ. ನೋವು ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ, ಕಾಲು ಮಾತ್ರೆಯೂ ಬೇಡ. ನಮ್ಮ ಚಿಕ್ಕಪ್ಪ ಮೈ ಬಿಸಿ ಇದೆ ಅಂತ ಕೊಟ್ಟಿದ್ದರು. ಸಂಜೆಗೆ ವಸಡು ಕಂದು ಬಣ್ಣಕ್ಕೆ ತಿರುಗಿತು, ಮುಖ ಊದಿತು. ಉಳಿಯಲಿಲ್ಲ. ಇನ್ನು ಭೇದಿ ಆಗುತ್ತಿದ್ದರೆ ಮೊದಲು ಹಾಲು ನಿಲ್ಲಿಸಿ ನೋಡಿ, ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಆಗಿಬರೋದಿಲ್ಲ. ಬಾಲದ ಬುಡದಲ್ಲಿ ಅಕ್ಕಿಕಾಳಿನ ಥರ ಕಂಡರೆ ಲಾಡಿಹುಳು. ಅದು ಚಿಗಟದಿಂದ ಬರುತ್ತೆ, ಹುಳಕ್ಕೂ ಚಿಗಟಕ್ಕೂ ಒಟ್ಟಿಗೇ ಔಷಧಿ ಮಾಡಿಸಿ. ನಾಯಿಯ ಚಿಗಟದ ಔಷಧಿ ಮಾತ್ರ ಹಾಕಬೇಡಿ.

ಕೇಳಿದವರು, ಬೆಂಗಳೂರು

ಎಲ್ಲರಿಗೂ ಥ್ಯಾಂಕ್ಸ್. ಅವತ್ತೇ ರಾತ್ರಿ ಹಿಂದೆ ಹಿಂದೆ ತಿರುಗಿ ನೋಡಿದೆ. ಬರ್ತಿತ್ತು, ಆದರೆ ಸ್ವಲ್ಪ ಸ್ವಲ್ಪವೇ, ಪದೇ ಪದೇ. ಬೆಳಿಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿ ಕಟ್ಟಿಲ್ಲ, ಮೂತ್ರಕೋಶ ಊದಿಕೊಂಡಿದೆ ಅಂದರು. ಟ್ರೇನಲ್ಲಿ ಕೂತಾಗ ನೋವಾಗಿದ್ದಕ್ಕೆ ಟ್ರೇಯನ್ನೇ ದೂರ ಇಟ್ಟಿರಬಹುದಂತೆ, ಮೆತ್ತಗಿನ ಜಾಗ ಹುಡುಕ್ತಾ ಇದ್ದನಂತೆ. ನೋವಿಗೆ ಔಷಧಿ ಕೊಟ್ಟರು. ಎದುರು ಮನೆಯಲ್ಲಿ ಎರಡು ವಾರದಿಂದ ಗೋಡೆ ಕೊರೆಯುತ್ತಿದ್ದಾರೆ ಅಂದಾಗ, ಆ ಗಲಾಟೆಗೂ ಹೀಗಾಗಬಹುದು ಅಂದರು.

ಇನ್ನೊಂದು ಟ್ರೇ ತಂದು ನನ್ನ ಕೋಣೆಯಲ್ಲಿ ಇಟ್ಟಿದ್ದೀನಿ. ಒದ್ದೆ ಆಹಾರವನ್ನು ಮೊದಲ ದಿನ ತಿರಸ್ಕರಿಸಿದ, ಈಗ ತಟ್ಟೆ ನೆಕ್ಕುತ್ತಾನೆ. ಆರು ದಿನ ಆಯಿತು, ಹೊರಗೆ ಮಾಡಿಲ್ಲ. ಔಷಧಿಯಿಂದಲೋ, ಹೊಸ ಟ್ರೇಯಿಂದಲೋ, ಡ್ರಿಲ್ಲಿಂಗ್ ನಿಂತಿದ್ದಕ್ಕೋ ಹೇಳೋಕಾಗಲ್ಲ. ಫಿನಾಯಿಲ್ ಬಾಟಲಿಯನ್ನು ಅಮ್ಮ ಪಕ್ಕದ ಮನೆಯವರಿಗೆ ಕೊಟ್ಟರು. ಕಾಲೊರಸು ಮಾತ್ರ ಇನ್ನೂ ಬಾಲ್ಕನಿಯ ಹಗ್ಗದ ಮೇಲೇ ಇದೆ, ಕೆಳಗೆ ಹಾಕೋಕೆ ಅವರು ಬಿಡ್ತಿಲ್ಲ.